ಮರಳಿನಡಿ ಮಲಗುವ ಚಿರತೆ

ಒಂದು ಮನೆಯ ದೃಶ್ಯವನ್ನು ಊಹಿಸಿಕೊಳ್ಳಿ. ಹತ್ತನೆಯ ತರಗತಿಯ ಹುಡುಗನೊಬ್ಬ ಒಂದು ವರ್ಷದಿಂದ ಜತನವಾಗಿ ನೋಡಿಕೊಂಡು ಬಂದ ಉಪ್ಪುನೀರಿನ ಅಕ್ವೇರಿಯಂ ನಡುಮನೆಯಲ್ಲಿದೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದದ್ದಕ್ಕೆ ತಂದೆ ಅವನಿಗೊಂದು ಹೊಸ ಮೀನು ಕೊಡಿಸಿದ್ದಾರೆ. ಬೆರಳುದ್ದದ ಮೀನು, ಬೆಲೆ ಮಾತ್ರ ಕಡಿಮೆಯದಲ್ಲ. ಸಂಜೆ ಐದು ಗಂಟೆಗೆ ಪಾಲಿಥೀನ್ ಚೀಲ ಬಿಚ್ಚಿ ತೊಟ್ಟಿಗೆ ಬಿಟ್ಟದ್ದೇ ತಡ, ಮೀನು ತಲೆಕೆಳಗಾಗಿ ಮರಳಿಗೆ ಧುಮುಕಿ ಮಾಯವಾಯಿತು. ಮರುದಿನ ಕಾಣಲಿಲ್ಲ. ಮೂರನೆಯ ದಿನವೂ ಇಲ್ಲ. ನಾಲ್ಕನೆಯ ದಿನ ತಾಯಿ, "ಅಲ್ಲೇ ಸತ್ತು ಕೊಳೀತಿದ್ರೆ ನೀರೆಲ್ಲ ಹಾಳಾಗುತ್ತೆ ಕಣೋ, ಒಂದ್ಸಲ ಕೆದಕಿ ನೋಡಬಾರದಾ?" ಎಂದರು. ಹುಡುಗ ಮರದ ಕಡ್ಡಿಯೊಂದನ್ನು ಹಿಡಿದು ತೊಟ್ಟಿಯ ಮುಂದೆ ನಿಂತಿದ್ದಾನೆ.

ಆ ಕಡ್ಡಿಯನ್ನು ಅವನು ಮರಳಿಗೆ ಇಳಿಸಬೇಕೇ, ಬೇಡವೇ? ಉತ್ತರ ತಿಳಿಯಬೇಕಾದರೆ ಮೊದಲು ಆ ಮೀನಿನ ಪರಿಚಯ ಆಗಬೇಕು.

ಅದರ ಹೆಸರು ಲೆಪರ್ಡ್ ರಾಸ್. ಐನೂರಕ್ಕೂ ಹೆಚ್ಚು ಪ್ರಭೇದಗಳಿರುವ ಲ್ಯಾಬ್ರಿಡೇ ಎಂಬ ದೊಡ್ಡ ಕುಟುಂಬಕ್ಕೆ ಸೇರಿದ್ದು. ಬಿಳಿಚಾದ ಮೈಮೇಲೆ ಚಿರತೆಯ ಮಚ್ಚೆಗಳಂಥ ಕಪ್ಪು ಮಚ್ಚೆಗಳು. ಅದಕ್ಕೇ ಲೆಪರ್ಡ್ ಎಂಬ ಹೆಸರು. ಆದರೆ 1839ರಲ್ಲಿ ಇದನ್ನು ವರ್ಣಿಸಿದ ಫ್ರಾನ್ಸಿನ ವಿಜ್ಞಾನಿ ವಾಲೆನ್ಸಿಯೆನ್‌ಗೆ ಈ ಮಚ್ಚೆಗಳಲ್ಲಿ ಕಂಡದ್ದು ಚಿರತೆಯಲ್ಲ, ಗಿನಿಕೋಳಿ! ಆತ ಕೊಟ್ಟ 'ಮೆಲಿಯಾಗ್ರಿಸ್' ಎಂಬ ಹೆಸರಿನ ಅರ್ಥ ಅದೇ. ಇದರ ಕುಲದ ಹೆಸರು ಮ್ಯಾಕ್ರೊಫೆರಿಂಗೊಡಾನ್. ನಾಲಿಗೆ ತಿರುಚುವ ಹೆಸರಾದರೂ ಅರ್ಥ ಸರಳ: 'ಗಂಟಲಲ್ಲಿ ದೊಡ್ಡ ಹಲ್ಲುಳ್ಳದ್ದು'. ಈ ಕುಲದಲ್ಲಿ ಹತ್ತಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಹಲವನ್ನು 1978ರಲ್ಲಿ ಮೊದಲ ಬಾರಿಗೆ ಗುರುತಿಸಿ ಹೆಸರಿಟ್ಟವರು ಹವಾಯಿಯಲ್ಲಿ ನೆಲೆಸಿದ್ದ ಮತ್ಸ್ಯವಿಜ್ಞಾನಿ ಜಾನ್ ರಾಂಡಲ್. ಮೆಲಿಯಾಗ್ರಿಸ್ ಪೆಸಿಫಿಕ್ ಸಾಗರದ ಫಿಜಿ ಮುಂತಾದ ದ್ವೀಪಗಳ ಹವಳದ ದಿಬ್ಬಗಳಲ್ಲಿ ವಾಸಿಸುತ್ತದೆ. ಅದರ ಸೋದರ ಪ್ರಭೇದವೊಂದು ನಮ್ಮ ಲಕ್ಷದ್ವೀಪದ ದಕ್ಷಿಣಕ್ಕಿರುವ ಮಾಲ್ಡೀವ್ಸ್‌ನಲ್ಲೂ ಇದೆ.

ಗಂಟಲಲ್ಲಿ ಹಲ್ಲೇಕೆ? ಈ ಮೀನಿನ ಊಟವೇ ಅಂಥದ್ದು. ಹವಳದ ಬಂಡೆ, ಮರಳುಗಳ ಮೇಲಿರುವ ಸಾಸಿವೆಗಿಂತ ಚಿಕ್ಕ ಶಂಖದ ಹುಳು, ಸುಣ್ಣದ ಚಿಪ್ಪು ಕಟ್ಟಿಕೊಳ್ಳುವ ಫೊರಾಮಿನಿಫೆರಾ ಎಂಬ ಏಕಕೋಶ ಜೀವಿ, ಪುಟಾಣಿ ಸಿಗಡಿಯಂಥ ಕೋಪಿಪಾಡ್, ಇವನ್ನು ಅದು ಹಗಲೆಲ್ಲ ಒಂದೊಂದಾಗಿ ಹೆಕ್ಕುತ್ತದೆ. ಹೆಕ್ಕಿದ್ದನ್ನು ಗಂಟಲಿನ ಹಲ್ಲುಗಳ ನಡುವೆ ಒರಳಿಗೆ ಹಾಕಿದಂತೆ ಅರೆದು ನುಂಗುತ್ತದೆ. ಒಂದು ತುತ್ತಿನಲ್ಲಿ ಸಿಗುವುದು ಎಳ್ಳುಕಾಳಷ್ಟು ಆಹಾರ. ಹಾಗಾಗಿ ಬೆಳಗಿನಿಂದ ಸಂಜೆಯವರೆಗೆ ದುಡಿದರೇ ಹೊಟ್ಟೆ ತುಂಬೀತು.

ಇನ್ನೊಂದು ವಿಚಿತ್ರ. ಇವುಗಳೆಲ್ಲ ಹೆಣ್ಣಾಗಿಯೇ ದೊಡ್ಡವಾಗುತ್ತವೆ. ಗುಂಪಿನ ದೊಡ್ಡ ಹೆಣ್ಣು ಮುಂದೆ ಗಂಡಾಗಿ ಮಾರ್ಪಡುತ್ತದೆ. ಆಗ ಬಣ್ಣವೂ ಬದಲಾಗಿ, ಕಿತ್ತಳೆಗೆಂಪು ಮೈಮೇಲೆ ಹಸಿರು ಚುಕ್ಕೆಗಳು ಮೂಡುತ್ತವೆ. ಆದ್ದರಿಂದಲೇ ಒಂದು ತೊಟ್ಟಿಯಲ್ಲಿ ಎರಡು ಗಂಡು ಮೀನು ಬಿಡಬಾರದು, ಹೆಣ್ಣಿನಿಂದ ಆರಂಭಿಸುವುದು ಕ್ಷೇಮ ಎನ್ನುತ್ತಾರೆ ಬಲ್ಲವರು.

ಮರಳೇ ಹಾಸಿಗೆ, ಮರಳೇ ಹೊದಿಕೆ

ಕತ್ತಲಾಗುವ ಮೊದಲೇ ಈ ಮೀನು ಮರಳಿನೊಳಗೆ ಸೇರುತ್ತದೆ. ರಾತ್ರಿಯ ನಿದ್ದೆ ಅಲ್ಲೇ. ಹಗಲಲ್ಲಿ ಹೆದರಿದರೂ ಅಲ್ಲಿಗೇ ಓಟ. ಆಮೆಗೆ ಚಿಪ್ಪು ಹೇಗೋ ಇದಕ್ಕೆ ಮರಳು ಹಾಗೆ. ಅಂದ ಮೇಲೆ ತೊಟ್ಟಿಯಲ್ಲಿ ಕನಿಷ್ಠ ಐದು ಸೆಂಟಿಮೀಟರ್ ಆಳಕ್ಕೆ, ಸಕ್ಕರೆ ಹರಳಿನಷ್ಟು ನುಣುಪಾದ ಸುಣ್ಣದಂಶದ ಮರಳು ಇರಲೇಬೇಕು. ಹವಳದ ಚೂರು, ಜಲ್ಲಿ ಹಾಸಿದರೆ ಧುಮುಕುವ ಮೀನಿನ ಮೂತಿ, ಚರ್ಮ ಗಾಯಗೊಳ್ಳುತ್ತವೆ. ಬರಿಯ ಗಾಜಿನ ತಳವಂತೂ ಇನ್ನೂ ಕೆಟ್ಟದ್ದು. ಗಾಜು ಕಾಣದ ಮೀನು ಮತ್ತೆ ಮತ್ತೆ ಅದಕ್ಕೇ ಮೂತಿ ಗುದ್ದಿಕೊಳ್ಳುತ್ತದೆ. ಬಾಯಿಗೆ ಗಾಯವಾದರೆ ಊಟ ನಿಲ್ಲುತ್ತದೆ. ಊಟ ನಿಂತರೆ ಇಷ್ಟು ಸಣ್ಣ ಮೀನು ಹೆಚ್ಚು ದಿನ ಬಾಳದು. ದೂರದ ಪ್ರಯಾಣದಲ್ಲಿ ಮರಳಿಲ್ಲದ ಚೀಲದೊಳಗೆ ಒಂದೆರಡು ದಿನ ಕಳೆದು ಬಂದ ಮೀನಿಗೆ ಈ ಪೆಟ್ಟು ಆಗಲೇ ಬಿದ್ದಿರುವುದೂ ಉಂಟು. ಕೊಳ್ಳುವ ಮುನ್ನ ಅಂಗಡಿಯಲ್ಲಿ ಮೂತಿಯನ್ನೂ ಹೊಟ್ಟೆಯನ್ನೂ ಗಮನವಿಟ್ಟು ನೋಡಬೇಕು. ಮೂತಿ ಊದಿದ್ದರೆ, ಹೊಟ್ಟೆ ಒಳಕ್ಕೆ ಸೇದಿದ್ದರೆ ಬಿಟ್ಟು ಬರುವುದೇ ಸರಿ. ಮಗ ಎಷ್ಟು ಹಟ ಹಿಡಿದರೂ ಸರಿ.

ಮಾಯವಾದ ಮೀನು ನಾಲ್ಕು ದಿನ ಏಕೆ ಕಾಣಲಿಲ್ಲ? ಒಂದು ಕಾರಣ ಹೆದರಿಕೆ. ಇನ್ನೊಂದು ಕಾರಣ ಭೂಗೋಳದ ಪಾಠದಲ್ಲಿದೆ. ಮೀನು ಫಿಜಿಯಿಂದ ನೇರವಾಗಿ ಬಂತೆಂದು ಲೆಕ್ಕಕ್ಕೆ ಹಿಡಿಯಿರಿ. ಫಿಜಿಯ ಗಡಿಯಾರ ಭಾರತದ್ದಕ್ಕಿಂತ ಆರೂವರೆ ಗಂಟೆ ಮುಂದೆ. ಬೆಂಗಳೂರಿನಲ್ಲಿ ಸಂಜೆ ಐದು ಗಂಟೆಯಾದಾಗ ಅಲ್ಲಿ ರಾತ್ರಿ ಹನ್ನೊಂದೂವರೆ. ಬೆಂಗಳೂರಿನ ನಡುಹಗಲು ಹನ್ನೆರಡಕ್ಕೆ ಅಲ್ಲಿ ಸಂಜೆ ಆರೂವರೆ. ಮೀನಿನ ದೇಹದೊಳಗೂ ಒಂದು ಗಡಿಯಾರವಿದೆ, ಅದಿನ್ನೂ ಫಿಜಿಯ ಸಮಯವನ್ನೇ ತೋರಿಸುತ್ತಿದೆ. ಹುಡುಗ ಶಾಲೆಯಿಂದ ಬಂದು ತೊಟ್ಟಿಯ ಮುಂದೆ ಕೂರುವ ಹೊತ್ತಿಗೆ ಅದಕ್ಕೆ ನಡುರಾತ್ರಿ. ಅದಕ್ಕೆ ಬೆಳಗಿನ ಆರು ಗಂಟೆಯಾಗುವುದು ಮನೆಯವರೆಲ್ಲ ದೀಪ ಆರಿಸಿ ಮಲಗಿದ ಮೇಲೆ, ರಾತ್ರಿ ಹನ್ನೊಂದೂವರೆಗೆ! ವಿಮಾನದಲ್ಲಿ ದೂರದೇಶಕ್ಕೆ ಹೋದವರಿಗೆ ಹಗಲಲ್ಲಿ ತೂಕಡಿಕೆ, ರಾತ್ರಿ ಎಚ್ಚರ ಕಾಡುವುದಿಲ್ಲವೆ? ಇದೂ ಅದೇ. ದೇಹದ ಗಡಿಯಾರವನ್ನು ತಿದ್ದುವುದು ಬೆಳಕು. ಮರಳಿನಡಿಗೆ ಬೆಳಕು ಸರಿಯಾಗಿ ತಲುಪದ್ದರಿಂದ ತಿದ್ದುಪಡಿ ನಿಧಾನ. ಹೊಸ ಲೆಪರ್ಡ್ ರಾಸ್ ಕೆಲವು ದಿನಗಳಿಂದ ಹಿಡಿದು ಎರಡು ವಾರದವರೆಗೂ ಸರಿಯಾಗಿ ಮುಖ ತೋರಿಸದಿರುವುದು ಸಾಮಾನ್ಯ. ಅಷ್ಟೂ ದಿನ ದೀಪವನ್ನು ದಿನವೂ ಒಂದೇ ಹೊತ್ತಿಗೆ ಹಾಕಿ ಒಂದೇ ಹೊತ್ತಿಗೆ ಆರಿಸುವುದಷ್ಟೇ ಮನೆಯವರು ಮಾಡಬಹುದಾದ ಸಹಾಯ.

ಕಡ್ಡಿ ಹಾಕಿ ಕೆದಕಿದರೆ? ನಿದ್ದೆಯಲ್ಲಿರುವ ಮೀನು ಬೆಚ್ಚಿ ಹಾರುತ್ತದೆ, ಬಂಡೆಗೋ ಗಾಜಿಗೋ ಬಡಿಯುತ್ತದೆ, ಉಳಿದಿದ್ದ ಅಷ್ಟಿಷ್ಟು ಶಕ್ತಿಯನ್ನೂ ಕಳೆದುಕೊಂಡು ಮತ್ತೆ ಹೂತುಕೊಳ್ಳುತ್ತದೆ. ಬದುಕಿದೆಯೇ ಎಂದು ನೋಡಲು ಹೋಗಿ ಕೊಂದಂತಾಗುತ್ತದೆ.

ತಾಯಿಯ ಆತಂಕಕ್ಕೂ ಅರ್ಥವಿಲ್ಲದಿಲ್ಲ. ಸತ್ತ ಮೀನು ಕೊಳೆತರೆ ನೀರಿಗೆ ಅಮೋನಿಯ ಸೇರುತ್ತದೆ. ಅದನ್ನು ಪರೀಕ್ಷಿಸುವ ಕಿಟ್ ಅಂಗಡಿಯಲ್ಲಿ ಸಿಗುತ್ತದೆ. ಕೊಳವೆಯಲ್ಲಿ ಸ್ವಲ್ಪ ನೀರು ಹಿಡಿದು ದ್ರಾವಣದ ಹನಿಗಳನ್ನು ಹಾಕಿ ಬಣ್ಣ ನೋಡಿದರಾಯಿತು. ಅಮೋನಿಯ ಸೊನ್ನೆ ಇದ್ದರೆ ನೀರಿಗೆ ಅಪಾಯವಿಲ್ಲ, ಕಾಯಬಹುದು. ಏರಿದ್ದರೆ ಒಂದು ಭಾಗ ನೀರು ಬದಲಿಸಬೇಕು. ಎರಡು ಸಂದರ್ಭದಲ್ಲೂ ಕಡ್ಡಿಗೆ ಕೆಲಸವಿಲ್ಲ.

ಚೀಲದೊಳಗಿನ ರಸಾಯನಶಾಸ್ತ್ರ

ಮೀನನ್ನು ಹೊಸ ನೀರಿಗೆ ಒಗ್ಗಿಸುವುದು ಎಂದರೆ ಚೀಲವನ್ನು ತೊಟ್ಟಿಯಲ್ಲಿ ತೇಲಿಬಿಟ್ಟು, ತೊಟ್ಟಿಯ ನೀರನ್ನು ಗಂಟೆಗಟ್ಟಲೆ ಹನಿಹನಿಯಾಗಿ ಸೇರಿಸುವುದು ಎಂದೇ ಹಲವರ ತಿಳಿವಳಿಕೆ. ಹತ್ತಿರದ ಅಂಗಡಿಯಿಂದ ಅರ್ಧ ಗಂಟೆಯಲ್ಲಿ ಮನೆಗೆ ಬಂದ ಮೀನಿಗೆ ಈ ಕ್ರಮ ಒಪ್ಪುತ್ತದೆ. ಗಾಳಿಯ ಸಣ್ಣ ಕೊಳವೆಗೆ ಸಡಿಲ ಗಂಟು ಹಾಕಿ, ಆಸ್ಪತ್ರೆಯ ಗ್ಲೂಕೋಸ್ ಡ್ರಿಪ್‌ನಂತೆ ಸೆಕೆಂಡಿಗೆ ಎರಡು ಮೂರು ಹನಿ ಬೀಳಿಸಿದರೆ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಆದರೆ ದಿನಗಟ್ಟಲೆ ಚೀಲದಲ್ಲಿದ್ದು ಬಂದ ಮೀನಿನ ಕಥೆ ಬೇರೆ. ಮೀನು ಉಸಿರಾಡಿದಂತೆಲ್ಲ ಚೀಲದ ನೀರಿಗೆ ಕಾರ್ಬನ್ ಡೈಆಕ್ಸೈಡ್ ಸೇರಿ ಕಾರ್ಬಾನಿಕ್ ಆಮ್ಲವಾಗುತ್ತದೆ. ನೀರಿನ ಪಿಎಚ್ ಇಳಿಯುತ್ತದೆ. ಜೊತೆಗೆ ಕಿವಿರಿನಿಂದ ಅಮೋನಿಯವೂ ಹೊರಬೀಳುತ್ತದೆ. ಪಿಎಚ್ ಇಳಿದ ನೀರಿನಲ್ಲಿ ಈ ಅಮೋನಿಯದ ಬಹುಪಾಲು ಅಷ್ಟೇನೂ ಕೇಡು ಮಾಡದ ಅಮೋನಿಯಂ ರೂಪದಲ್ಲಿರುತ್ತದೆ. ವಿಷಕ್ಕೆ ಪ್ರಕೃತಿಯೇ ಬೀಗ ಹಾಕಿಟ್ಟಂತೆ.

ಚೀಲ ಬಿಚ್ಚಿದೊಡನೆ ಏನಾಗುತ್ತದೆ? ಸೋಡಾ ಬಾಟಲಿ ತೆರೆದಂತೆ ಕಾರ್ಬನ್ ಡೈಆಕ್ಸೈಡ್ ಹೊರಹೋಗುತ್ತದೆ, ಪಿಎಚ್ ಏರತೊಡಗುತ್ತದೆ. ಮೇಲಿನಿಂದ 8.2 ಪಿಎಚ್‌ನ ತೊಟ್ಟಿ ನೀರು ಬೇರೆ ಬೀಳುತ್ತಿದೆ. ಅಮೋನಿಯಂ ಮತ್ತೆ ಅಮೋನಿಯವಾಗಿ ಬೀಗ ಕಳಚಿಕೊಳ್ಳುತ್ತದೆ. ಪಿಎಚ್ 7ರಿಂದ 8.2ಕ್ಕೆ ಏರಿದರೆ ವಿಷರೂಪದ ಅಮೋನಿಯದ ಪಾಲು ಹತ್ತು ಪಟ್ಟಿಗೂ ಮೀರಿ ಹೆಚ್ಚುತ್ತದೆ. ಒಗ್ಗಿಸುತ್ತಿದ್ದೇವೆ ಎಂದುಕೊಂಡ ಆ ಎರಡು ಗಂಟೆಯಲ್ಲಿ ಮೀನಿನ ಕಿವಿರು ಸುಡುತ್ತಿರುತ್ತದೆ.

ಹಾಗಾದರೆ ದಾರಿ? ಮೀನು ಬರುವ ಮೊದಲೇ ಅದು ಇದ್ದ ನೀರಿನ ಲವಣಾಂಶ ಎಷ್ಟೆಂದು ಮಾರುವವರನ್ನು ಕೇಳಿ, ಬೇರೆ ಚಿಕ್ಕ ತೊಟ್ಟಿಯೊಂದರಲ್ಲಿ ಅಷ್ಟೇ ಲವಣಾಂಶದ ನೀರನ್ನು ಸಿದ್ಧವಾಗಿಡಬೇಕು. ದೀಪ ಆರಿಸಿ, ಚೀಲವನ್ನು ಬಿಚ್ಚದೆಯೇ ಇಪ್ಪತ್ತು ನಿಮಿಷ ತೇಲಿಬಿಟ್ಟು ಉಷ್ಣತೆ ಸಮವಾದ ಮೇಲೆ ಬಿಚ್ಚಿ, ಮೀನನ್ನು ಪ್ಲಾಸ್ಟಿಕ್ ಬಟ್ಟಲಿನಲ್ಲಿ ಮೆಲ್ಲನೆ ಹಿಡಿದು ಕೂಡಲೇ ಹೊಸ ನೀರಿಗೆ ಬಿಡಬೇಕು. ಚೀಲದ ನೀರು ಬಚ್ಚಲಿಗೆ. ಲವಣಾಂಶವನ್ನು ಮುಖ್ಯ ತೊಟ್ಟಿಯ ಮಟ್ಟಕ್ಕೆ ಏರಿಸುವ ಕೆಲಸ ಆಮೇಲೆ ದಿನಕ್ಕಿಷ್ಟಿಷ್ಟಾಗಿ ನಡೆಯಲಿ. ಚಿಕ್ಕ ತೊಟ್ಟಿಯಲ್ಲಿ ಮೂರು ನಾಲ್ಕು ವಾರ ಇರಿಸಿಕೊಂಡರೆ ಬಿಳಿಚುಕ್ಕೆ ರೋಗದಂಥವು ಇದ್ದರೆ ಅಲ್ಲೇ ಗೊತ್ತಾಗುತ್ತದೆ, ಉಳಿದ ಮೀನುಗಳಿಗೆ ಹರಡುವುದಿಲ್ಲ. ಆ ತೊಟ್ಟಿಯಲ್ಲೂ ಮರಳು ತುಂಬಿದ ಅಗಲ ಬಾಯಿಯ ಡಬ್ಬಿಯೊಂದನ್ನು ಇಡುವುದು ಮರೆಯಬಾರದು.

ಲವಣಾಂಶಕ್ಕೆ ಇಷ್ಟೊಂದು ಮಹತ್ವ ಏಕೆ? ಸಮುದ್ರದ ಮೀನಿನ ದೇಹದ್ರವದಲ್ಲಿ ಲವಣ ಸಮುದ್ರದ ನೀರಿನಲ್ಲಿರುವುದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಅಭಿಸರಣದ ನಿಯಮದಂತೆ ಅದರ ಮೈಯಿಂದ ನೀರು ಸದಾ ಹೊರಗೆ ಸೋರುತ್ತಿರುತ್ತದೆ. ಸುತ್ತಲೂ ನೀರಿದ್ದರೂ ಅದಕ್ಕೆ ಬಾಯಾರಿಕೆ! ಅದಕ್ಕಾಗಿ ಸಮುದ್ರದ ನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಕಿವಿರಿನ ವಿಶೇಷ ಕೋಶಗಳ ಮೂಲಕ ಹೊರದೂಡುತ್ತದೆ. ಸಿಹಿನೀರಿನ ಮೀನಿನ ಪಾಡು ಇದಕ್ಕೆ ತದ್ವಿರುದ್ಧ. ಲವಣಾಂಶ ಥಟ್ಟನೆ ಏರಿದರೆ ಈ ವ್ಯವಸ್ಥೆ ಸೋಲುತ್ತದೆ.

ನಡುಮನೆಯಲ್ಲಿ ಸಮುದ್ರ

ಒಂದು ಲೀಟರಿಗೆ ಸುಮಾರು 35 ಗ್ರಾಂ ಲವಣ ಬೇಕು. ಇನ್ನೂರು ಲೀಟರಿನ ತೊಟ್ಟಿಗೆ ಏಳು ಕಿಲೋ. ಅಡುಗೆ ಉಪ್ಪು ಸುರಿದರೆ ಸಮುದ್ರವಾಗದು. ಸಮುದ್ರದ ನೀರಿನಲ್ಲಿ ಸೋಡಿಯಂ, ಕ್ಲೋರೈಡುಗಳ ಜೊತೆಗೆ ಸಲ್ಫೇಟ್, ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಎಲ್ಲವೂ ನಿಗದಿತ ಪ್ರಮಾಣದಲ್ಲಿವೆ. ಅಕ್ವೇರಿಯಂಗೆಂದೇ ತಯಾರಾದ ಲವಣವನ್ನು ಆರ್‌ಓ ನೀರಿನಲ್ಲಿ ಕರಗಿಸಬೇಕು. ಹಾಲಿನವರ ಬಳಿ ಇರುವ ಲ್ಯಾಕ್ಟೋಮೀಟರಿನ ಸೋದರನಾದ ಹೈಡ್ರೋಮೀಟರ್ ಸಾಪೇಕ್ಷ ಸಾಂದ್ರತೆಯನ್ನು 1.025ರ ಆಸುಪಾಸಿನಲ್ಲಿ ತೋರಿಸಬೇಕು. ಬೇಸಿಗೆಯಲ್ಲಿ ನೀರು ಆವಿಯಾದಾಗ ಬರಿಯ ನೀರನ್ನೇ ತುಂಬಬೇಕು, ಉಪ್ಪುನೀರನ್ನಲ್ಲ. ಆವಿಯಾಗಿ ಹೋದದ್ದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿದೆಯಷ್ಟೆ?

ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಇರಲಿ. 25 ಡಿಗ್ರಿಯಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಸಮುದ್ರದ ನೀರು ಹಿಡಿಯುವುದು ಸುಮಾರು 6.7 ಮಿಲಿಗ್ರಾಂ ಮಾತ್ರ. ನೀರು ಬಿಸಿಯಾದಂತೆ ಅದೂ ಕಡಿಮೆ. ಆದ್ದರಿಂದ ಕರೆಂಟು ಹೋದಾಗ ನಡೆಯುವ ಬ್ಯಾಟರಿ ಪಂಪು ಮನೆಯಲ್ಲಿ ಇರಲೇಬೇಕು. ಮೇಲೆ ಬಲೆಯ ಮುಚ್ಚಳವೂ ಬೇಕು. ಬೆದರಿದ ರಾಸ್ ನೀರಿನಿಂದಾಚೆ ಹಾರಿ ನೆಲದ ಮೇಲೆ ಸಾಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ತೊಟ್ಟಿಯ ವಯಸ್ಸು. ಹೊಸ ತೊಟ್ಟಿಯಲ್ಲಿ ಅಮೋನಿಯವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಬ್ಯಾಕ್ಟೀರಿಯಾಗಳು ನೆಲೆಗೊಳ್ಳಲು ಒಂದೂವರೆ ತಿಂಗಳಾದರೂ ಬೇಕು. ಮೀನು ಹೆಕ್ಕಿ ತಿನ್ನುವ ಕೋಪಿಪಾಡುಗಳು ಬಂಡೆಯ ಸಂದುಗೊಂದುಗಳಲ್ಲಿ ಹುಲುಸಾಗಲು ಆರು ತಿಂಗಳು, ವರ್ಷ. ಅವೇ ಹೊಸ ಮೀನಿನ ಮೊದಲ ಊಟ. ಆಮೇಲೆ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಮರಿ, ಅನಂತರ ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿ, ಹೀಗೆ ದಿನಕ್ಕೆ ಮೂರು ನಾಲ್ಕು ಸಲ ಸ್ವಲ್ಪಸ್ವಲ್ಪ ಕೊಟ್ಟು ರೂಢಿ ಮಾಡಿಸಬೇಕು.

1961ರಲ್ಲಿ ಇಂಡೊನೇಷ್ಯಾದ ಲೀ ಚಿನ್ ಎಂಗ್ ಎಂಬಾತ ಜೀವಿಗಳು ತುಂಬಿದ ಸಮುದ್ರದ ಬಂಡೆ ಮತ್ತು ಗಾಳಿಯ ಗುಳ್ಳೆ, ಇಷ್ಟರಿಂದಲೇ ತೊಟ್ಟಿ ಆರೋಗ್ಯವಾಗಿರುತ್ತದೆ ಎಂದು ಬರೆದು ತೋರಿಸಿದ. ಇಂದಿನ ಪದ್ಧತಿಗಳಿಗೆ ಅದೇ ಬುನಾದಿ. ಆದರೆ ಭಾರತದಲ್ಲಿ ಹಾಗೆ ಹವಳದ ಬಂಡೆ ಕಿತ್ತು ತರುವಂತಿಲ್ಲ. ದಿಬ್ಬ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿ, ಹುಲಿಯ ಸಾಲಿನಲ್ಲೇ ಸ್ಥಾನವಿದೆ. ಮುರುಡೇಶ್ವರದಾಚೆಯ ನೇತ್ರಾಣಿ ದ್ವೀಪದ ಸುತ್ತಲಿನ ಹವಳಕ್ಕೂ ಇದು ಅನ್ವಯ. ಮನುಷ್ಯ ನಿರ್ಮಿತ ಒಣ ಬಂಡೆಯನ್ನು ತಂದು ಬ್ಯಾಕ್ಟೀರಿಯಾ ಬೆಳೆಸಿಕೊಂಡು ತಾಳ್ಮೆಯಿಂದ ಕಾಯುವುದೇ ದಾರಿ.

ಇಲ್ಲಿ ತಂದೆತಾಯಂದಿರು ಯೋಚಿಸಬೇಕಾದ ಮಾತೊಂದಿದೆ. ಅಂಗಡಿಗೆ ಬರುವ ಲೆಪರ್ಡ್ ರಾಸ್‌ಗಳಲ್ಲಿ ಬಹುಪಾಲು ಸಮುದ್ರದಿಂದ ಹಿಡಿದು ತಂದವು. ಆಗ್ನೇಯ ಏಷ್ಯಾದ ಕೆಲವೆಡೆ ಮೀನು ಹಿಡಿಯಲು ಸಯನೈಡ್ ಎರಚುವ ಕೆಟ್ಟ ಪದ್ಧತಿ ಫಿಲಿಪ್ಪೀನ್ಸ್‌ನಲ್ಲಿ 1960ರ ದಶಕದಲ್ಲಿ ಆರಂಭವಾಯಿತು. ಅದರಿಂದ ಮೀನೂ ಹವಳವೂ ನಾಶವಾಗುತ್ತವೆ. ಮೊದಲ ಸಲ ಉಪ್ಪುನೀರಿನ ತೊಟ್ಟಿ ಇಡುವ ಮಕ್ಕಳಿಗೆ ಹ್ಯಾಚರಿಯಲ್ಲೇ ಹುಟ್ಟಿದ ಕ್ಲೌನ್ ಮೀನು ಸಾಕು. ಕೊಚ್ಚಿಯಲ್ಲಿ ಕೇಂದ್ರ ಕಚೇರಿಯುಳ್ಳ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಅದರ ಮರಿ ಮಾಡಿಸುವ ವಿಧಾನವನ್ನು ರೂಪಿಸಿದೆ. ಒಂದು ವರ್ಷ ಕ್ಲೌನ್ ಮೀನನ್ನು ಚೆನ್ನಾಗಿ ಸಾಕಿ, ದಿನವೂ ಉಷ್ಣತೆ, ಲವಣಾಂಶ, ಅಮೋನಿಯಗಳನ್ನು ನೋಟ್ ಪುಸ್ತಕದಲ್ಲಿ ಬರೆದಿಟ್ಟ ಮಗುವಿಗೆ ಮುಂದಿನ ಮೀನಿನ ಮಾತು. ಅಂಕಪಟ್ಟಿ ನೋಡಿ ಮೀನು ಕೊಡಿಸುವುದಕ್ಕಿಂತ ಆ ಪುಸ್ತಕ ನೋಡಿ ಕೊಡಿಸುವುದು ಒಳ್ಳೆಯದು.

ಮಾಡಿ ನೋಡಿ: ತೊಟ್ಟಿಯಿಲ್ಲದ ಮಕ್ಕಳೂ ಅಭಿಸರಣವನ್ನು ಅಡುಗೆಮನೆಯಲ್ಲೇ ನೋಡಬಹುದು. ಒಂದು ಲೋಟದಲ್ಲಿ ಬರಿಯ ನೀರು, ಇನ್ನೊಂದರಲ್ಲಿ ಲೀಟರಿಗೆ 35 ಗ್ರಾಂ ಲೆಕ್ಕದಲ್ಲಿ ಉಪ್ಪು ಕರಗಿಸಿದ ನೀರು ತೆಗೆದುಕೊಂಡು, ಎರಡಕ್ಕೂ ಒಂದೇ ಅಳತೆಯ ಆಲೂಗಡ್ಡೆ ಹೋಳು ಹಾಕಿ. ಮೂರು ಗಂಟೆಯ ಮೇಲೆ ತೆಗೆದು ಬಾಗಿಸಿ. ಒಂದು ಬಿರುಸಾಗಿ ನಿಲ್ಲುತ್ತದೆ, ಇನ್ನೊಂದು ಬತ್ತಿ ಬಾಗುತ್ತದೆ. ಯಾವುದು ಯಾವುದೆಂದು ಮೊದಲೇ ಊಹಿಸಿ ಬರೆದಿಟ್ಟುಕೊಂಡಿರಿ.

ಮತ್ತೆ ಆ ಮನೆಗೆ ಬರೋಣ. ಹುಡುಗ ಕಡ್ಡಿ ಕೆಳಗಿಟ್ಟ. ಕಿಟ್ ತಂದು ಪರೀಕ್ಷಿಸಿದ, ಅಮೋನಿಯ ಸೊನ್ನೆ. ತಾಯಿಗೆ ಪೂರ್ತಿ ಸಮಾಧಾನವಾಗಲಿಲ್ಲ, ಆದರೂ ಸುಮ್ಮನಾದರು. ಎರಡು ದಿನ ಕಳೆಯಿತು. ರಾತ್ರಿ ಹನ್ನೊಂದೂವರೆ ದಾಟಿರಬೇಕು, ನೀರು ಕುಡಿಯಲೆಂದು ಎದ್ದ ತಾಯಿ ನಡುಮನೆಗೆ ಬಂದರು. ಕಿಟಕಿಯಿಂದ ಬೀದಿದೀಪದ ಮಸುಕು ಬೆಳಕು ತೊಟ್ಟಿಯ ಮೇಲೆ ಬಿದ್ದಿತ್ತು. ಬಂಡೆಯ ಪಕ್ಕದಲ್ಲಿ ಮಚ್ಚೆ ಮೈಯ ಪುಟ್ಟ ಮೀನೊಂದು ಮೂತಿ ತಗ್ಗಿಸಿ ಏನನ್ನೋ ಹೆಕ್ಕುತ್ತಿತ್ತು. ಸ್ವಿಚ್ಚಿನತ್ತ ಹೋದ ಕೈಯನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ಕಾಲ ಸಪ್ಪಳವಾಗದಂತೆ ಹೋಗಿ ಮಗನ ಭುಜ ಮುಟ್ಟಿ ಪಿಸುಗುಟ್ಟಿದರು: "ಏಳೋ, ಬಂದಿದೆ. ದೀಪ ಮಾತ್ರ ಹಾಕಬೇಡ."